‘ಫರಂಗಿ-ಮಆಬ್’: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ‘ಫರಂಗಿ-ಮಆಬ್’ (ಯುರೋಪಿನವರ ರೀತಿಗೆ ಒಗ್ಗಿಹೋದವನು) ಎಂಬ ಫಾರ್ಸಿ ಪದಕ್ಕೆ ಕನ್ನಡದ ಪದ ಹುಡುಕಲು ನಿಮ್ಮ ನೆರವು ಬೇಕು.

‘ಕಾವೆ’ ಎಂಬ ಫಾರ್ಸಿ ಪತ್ರಿಕೆಯ ಬಗ್ಗೆ ಬರೆಯುತ್ತಿದ್ದೇನೆ. 1916ರಿಂದ 1922ರವರೆಗೆ ಬರ್ಲಿನ್ನಿನಿಂದ ಹೊರಟದ್ದು. ಸಂಪಾದಕರು ಹಸನ್ ತಕೀಜಾದೆ. ಮೊದಲ ಮಹಾಯುದ್ಧ ಮುಗಿಯುವವರೆಗೆ ಜರ್ಮನರ ನೆರವಿನಲ್ಲಿ ನಡೆದ ರಾಜಕೀಯ ಪತ್ರಿಕೆ. 1920ರಿಂದ ಸಾಹಿತ್ಯ, ಭಾಷೆ, ಚರಿತ್ರೆಯ ಕಡೆ ಹೊರಳಿತು. (ಕಾವೆ ಅಂದರೆ ಫಾರ್ಸಿ ಮಹಾಕಾವ್ಯ ಶಾಹನಾಮೆಯ ಕಮ್ಮಾರ. ತನ್ನ ತೊಗಲಿನ ಮುಂಬಟ್ಟೆಯನ್ನೇ ಬಾವುಟ ಮಾಡಿ ಕ್ರೂರ ರಾಜನ ಮೇಲೆ ತಿರುಗಿಬಿದ್ದವನು.)

ತೊಡಕು ಇರುವುದು ಇಲ್ಲಿ. 1920ರ ಜನವರಿ ಸಂಚಿಕೆಯಲ್ಲಿ ತಕೀಜಾದೆ, ಇರಾನ್ ಒಳಗೂ ಹೊರಗೂ, ಮೈಯಲ್ಲೂ ಜೀವದಲ್ಲೂ ‘ಫರಂಗಿ-ಮಆಬ್’ ಆಗಬೇಕು, ಅಷ್ಟೇ ಎಂದು ಬರೆದರು. ಮರುವರ್ಷ ಜನವರಿಯಲ್ಲಿ ಅದೇ ಪತ್ರಿಕೆ ಕಥೆಗಾರ ಜಮಾಲ್‌ಜಾದೆಯ ‘ಫಾರ್ಸಿ ಶಕರ್ ಅಸ್ತ್’ (ಫಾರ್ಸಿ ಸಕ್ಕರೆ) ಕಥೆ ಅಚ್ಚು ಹಾಕಿತು. ಫಾರ್ಸಿಯ ಹೊಸ ಸಣ್ಣಕಥೆ ಶುರುವಾದದ್ದೇ ಇಲ್ಲಿಂದ ಅನ್ನುವವರು ಜಾಸ್ತಿ. ಅದರಲ್ಲಿ ಫರಂಗಿ-ಮಆಬ್ ನಗೆಪಾಟಲಿನ ಪಾತ್ರ!

ಕಥೆ ನಡೆಯುವುದು ಇರಾನಿನ ಅನ್ಜಲಿ ಬಂದರಿನ ಒಂದು ಕತ್ತಲೆ ಕೋಣೆಯಲ್ಲಿ. ಹಿಡಿದು ಕೂಡಿಹಾಕಿದವರು ಒಳಗಿದ್ದಾರೆ. ರಮಜಾನ್ ಅನ್ನೋ ಬಡ ಹುಡುಗನನ್ನು ತಂದು ಒಳಗೆ ತಳ್ಳುತ್ತಾರೆ. ತನ್ನನ್ನು ಯಾಕೆ ಹಿಡಿದರು ಅಂತ ಅವನು ಶೇಖ್ ಒಬ್ಬರನ್ನು ಕೇಳಿದರೆ, ಅವರು ಅರಬ್ಬಿಯಲ್ಲೇ ಮುಳುಗಿದ ಫಾರ್ಸಿ ಸುರಿಸುತ್ತಾರೆ. ಎತ್ತರದ ಕಾಲರ್ ತೊಟ್ಟ ಫರಂಗಿ-ಮಆಬ್ ಹತ್ತಿರ ಹೋದರೆ ಅಲ್ಲಿ ಫ್ರೆಂಚು ತುಂಬಿದ ಫಾರ್ಸಿ. ಹುಡುಗ ನಡುಗಿಹೋಗುತ್ತಾನೆ. ಕೊನೆಗೆ ಕಥೆ ಹೇಳುವವನು ಆಡುಮಾತಿನಲ್ಲಿ ಮಾತಾಡಿಸಿದಾಗಲೇ ಅವನಿಗೆ ಹೋದ ಜೀವ ಬಂದಂತಾಗುವುದು.

‘ಫರಂಗಿ’ ಅಂದರೆ ಯುರೋಪಿನವ. ‘ಮಆಬ್’ ಅರಬ್ಬಿ ಪದ, ಮರಳಿ ಸೇರುವ ಜಾಗ ಅಂತ. ದೊಡ್ಡ ಬಿರುದುಗಳ ಬಾಲವಾಗಿಯೂ ಬರುತ್ತದೆ. ಹಾಗಾಗಿಯೇ ಇದು ಹೊಗಳಿಕೆಗೂ ಕುಹಕಕ್ಕೂ ಒಗ್ಗುತ್ತದೆ ಅಂತ ನನ್ನ ಲೆಕ್ಕ.

ನಮ್ಮಲ್ಲಿ ‘ಪರಂಗಿ’ ಇದೆ, ಆದರೆ ಈಗ ಕೇಳಿದವರಿಗೆ ಹಣ್ಣೇ ನೆನಪಾಗೋದು, ಅಲ್ವಾ? ‘ಫಿರಂಗಿ’ ಅಂದರೆ ತೋಪು. ಸೀಮೆಎಣ್ಣೆ, ಸೀಮೆಸುಣ್ಣದ ‘ಸೀಮೆ’ ಹಿಡಿದರೆ ‘ಸೀಮೆಗಿಲ್ಲದವನು’ ಅಡ್ಡ ಬರುತ್ತಾನೆ. ‘ಪಾಶ್ಚಾತ್ಯೀಕರಣಗೊಂಡವನು’ ಅಂತ ಸುಮ್ನೆ ಬರೆದುಬಿಡಬಹುದು, ಆದರೆ ಆ ಶೇಖ್ ಆಡುವಂಥದೇ ಭಾಷೆ ಆಗಿಬಿಡುತ್ತೆ! ಸದ್ಯಕ್ಕೆ ಕಥೆಗೆ ‘ಪರಂಗಿ ಗತ್ತಿನವ’ ಅಂತ ಇಟ್ಟಿದ್ದೇನೆ. ಆದರೆ ತಕೀಜಾದೆಯ ವಾಕ್ಯದಲ್ಲಿ ಅದು ಕೂರುವುದಿಲ್ಲ. ಇರಾನಿಗೆ ಗತ್ತು ಬರಲಿ ಅಂತ ಅವರು ಹೇಳಿದ್ದಲ್ಲ.

ಎರಡೂ ಕಡೆ ಒಂದೇ ಪದ ಬಳಸಬೇಕು ಅನ್ನೋದು ನನ್ನ ಹಟ. ನಿಮ್ಮ ಊರ ಕಡೆ ಇಂಥವರಿಗೆ ಹಳೆಯ ಹೆಸರು ಏನಾದರೂ ಇದೆಯೇ?