1972ರ ಎಂಜಿಬಿ ರೋಡ್‌ಸ್ಟರ್: ಮೊದಲು ಎಂಜಿನ್ ಕೆಲಸವೇ, ತುಕ್ಕು ಹಿಡಿದ ಸಿಲ್ ಕೆಲಸವೇ?

ಪ್ರಶ್ನೆ: ರೆಡಿಂಗ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಾನು ಇತ್ತೀಚೆಗೆ 1972ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಎಂಜಿ ಕಂಪನಿಯ, ಗಟ್ಟಿ ಮೇಲ್ಛಾವಣಿಯಿಲ್ಲದ ಹಳೆಯ ಸ್ಪೋರ್ಟ್ಸ್ ಕಾರು) ಒಂದನ್ನು ಕೊಂಡಿದ್ದೇನೆ. ಹಿಂದಿನ ಮಾಲೀಕರ ಗ್ಯಾರೇಜಿನಲ್ಲಿ ಹಲವು ವರ್ಷ ಕದಲದೆ ನಿಂತಿದ್ದ ಗಾಡಿ ಇದು. 1798 ಸಿಸಿ ಎಂಜಿನ್, ಜೋಡಿ ಎಸ್‌ಯು ಕಾರ್ಬ್ಯುರೇಟರ್, ಕ್ರೋಮ್ ಬಂಪರ್, ಎಲ್ಲವೂ ಅಬಿಂಗ್‌ಡನ್ ಕಾರ್ಖಾನೆಯಿಂದ ಬಂದಂತೆಯೇ ಉಳಿದಿವೆ. ಎಂಜಿನ್ನನ್ನು ನಾನಿನ್ನೂ ಸ್ಟಾರ್ಟ್ ಮಾಡಲು ಹೋಗಿಲ್ಲ.

ನನ್ನ ಚಿಂತೆಯೆಲ್ಲ ಎಡಬದಿಯ ಸಿಲ್‌ನದು, ಅಂದರೆ ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ತಗಡಿನ ತೊಲೆಯದು. ಬಾಗಿಲಿನ ಕೆಳಗೆ ಉದ್ದಕ್ಕೂ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿದೆ. ಹಿಂದಿನ ಚಕ್ರದ ಹತ್ತಿರ ಸ್ಕ್ರೂಡ್ರೈವರಿನಿಂದ ಒತ್ತಿದರೆ ತಗಡು ಒಳಕ್ಕೆ ಕುಸಿಯುತ್ತದೆ. ಬಾಗಿಲು ಮುಚ್ಚಿ ನೋಡಿದರೆ ಅದರ ಹಿಂಬದಿಯ ಸಂದು ಮೇಲ್ಗಡೆ ಕಿರಿದಾಗಿಯೂ ಕೆಳಗಡೆ ಅಗಲವಾಗಿಯೂ ಇದೆ. ತಂತಿ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗನ್ನು ಸಂಜೆಯ ತರಗತಿಯಲ್ಲಿ ಕಲಿತಿದ್ದೇನೆ, ಆದರೆ ಗಾಡಿಯ ಮೇಲೆ ಇನ್ನೂ ಪ್ರಯೋಗಿಸಿಲ್ಲ. ಎಂಜಿನ್ನನ್ನು ಪೂರ್ತಿ ಬಿಚ್ಚಿ ಸರಿಪಡಿಸಿಕೊಂಡ ಮೇಲೆ ಬಾಡಿಯ ಕಡೆ ಗಮನ ಕೊಡು ಎನ್ನುತ್ತಾರೆ ಗೆಳೆಯರು. ಅನುಭವವುಳ್ಳವರು ಯಾವ ಕ್ರಮದಲ್ಲಿ ಹೋಗುತ್ತೀರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ತಗಡು ಕೆಲಸದವ, ಬರ್ಮಿಂಗ್‌ಹ್ಯಾಮ್

ಸರ್, ಆ ಬಾಗಿಲಿನ ಸಂದನ್ನು ಓದಿದ ಮೇಲೆ ನನಗೆ ಅನುಮಾನವೇ ಉಳಿದಿಲ್ಲ: ಮೊದಲು ಸಿಲ್. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, ರೋಡ್‌ಸ್ಟರಿಗೆ ಮೇಲ್ಛಾವಣಿಯ ಆಸರೆಯೂ ಇಲ್ಲ. ಹಾಗಾಗಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಗಾಡಿ ಬಾಗದಂತೆ ಹಿಡಿದಿರುವುದು ಮುಖ್ಯವಾಗಿ ಎರಡು ಬದಿಯ ಸಿಲ್‌ಗಳು ಮತ್ತು ನೆಲದ ನಡುವೆ ಉದ್ದಕ್ಕೂ ಉಬ್ಬಿರುವ ಟನಲ್. ಸಿಲ್ ಸೊರಗಿದಾಗ ಗಾಡಿ ನಡುವಿನಲ್ಲಿ ಕುಗ್ಗುತ್ತದೆ, ಬಾಗಿಲಿನ ಮೇಲಿನ ಸಂದು ಮುಚ್ಚಿಕೊಳ್ಳುತ್ತದೆ. ನಿಮಗೆ ಕಾಣುತ್ತಿರುವುದು ಅದೇ.

ಹೊರಗೆ ಕಾಣುವ ತಗಡೊಂದೇ ಸಿಲ್ ಅಲ್ಲ. ಹೊರ ಸಿಲ್, ಒಳ ಸಿಲ್, ಅವೆರಡರ ನಡುವೆ ನೆಟ್ಟಗೆ ನಿಂತ ಮೆಂಬ್ರೇನ್ ಎಂಬ ತಗಡು, ಅಡಿಯಲ್ಲಿ ಕೋಟೆಯ ತೆನೆಗಳಂತೆ ಕಾಣುವ ಕ್ಯಾಸಲ್ ರೈಲ್, ಇವೆಲ್ಲ ಕೂಡಿ ಒಂದು ಪೆಟ್ಟಿಗೆಯಾದಾಗಲೇ ಅದಕ್ಕೆ ಬಲ. ಹೊರ ಸಿಲ್‌ನ ಮುಂದಿನ ತುದಿ ಮುಂಭಾಗದ ವಿಂಗ್‌ನ (ಚಕ್ರದ ಮೇಲಿನ ಹೊರತಗಡು) ಹಿಂದೆಯೂ ಹಿಂದಿನ ತುದಿ ಹಿಂಭಾಗದ ಪ್ಯಾನೆಲ್ಲಿನ ಹಿಂದೆಯೂ ಅಡಗಿರುತ್ತದೆ. ಹಳೆಯ ತುಕ್ಕಿನ ಮೇಲೆಯೇ ಹೊಸ ತಗಡಿನ ಹೊದಿಕೆ ಹೊದಿಸಿ ಬಣ್ಣ ಬಳಿದ ಎಷ್ಟೋ ಗಾಡಿಗಳು ಮಾರಾಟಕ್ಕೆ ಬರುತ್ತವೆ. ಅದು ರಿಪೇರಿಯಲ್ಲ, ಮರೆಮಾಚುವುದು. ಮುಂದಿನ ವಿಂಗ್ ಬೋಲ್ಟಿನಲ್ಲಿ ನಿಂತಿರುವುದರಿಂದ ಬಿಚ್ಚಬಹುದು, ಆದರೆ ಹಿಂದಿನ ಪ್ಯಾನೆಲ್ಲಿನ ಕೆಳಭಾಗವನ್ನು ಕತ್ತರಿಸಿ ತೆಗೆಯದೆ ಸಿಲ್ಲನ್ನು ಸರಿಯಾಗಿ ಕೂರಿಸಲು ಸಾಧ್ಯವಿಲ್ಲ.

ಕತ್ತರಿಸುವ ಮೊದಲು ಮಾಡಬೇಕಾದದ್ದೇ ಹೆಚ್ಚು. ಮುಂದಿನ ಸಸ್ಪೆನ್ಶನ್ ಹೊತ್ತ ಅಡ್ಡತೊಲೆಯ ಕೆಳಗೂ ಹಿಂದಿನ ಆಕ್ಸಲ್ಲಿನ ಕೆಳಗೂ ಸ್ಟ್ಯಾಂಡ್ ಕೊಟ್ಟು ಗಾಡಿಯನ್ನು ಮಟ್ಟಸವಾಗಿ ನಿಲ್ಲಿಸಿ. ಬಾಗಿಲುಗಳು ಜಾಗದಲ್ಲೇ ಇರಲಿ, ಏಕೆಂದರೆ ನಿಮ್ಮ ಅಳತೆಗೋಲು ಅವೇ. ನಡುವೆ ಜ್ಯಾಕ್ ಕೊಟ್ಟು ನಿಧಾನವಾಗಿ ಎತ್ತುತ್ತ, ಸಂದು ಮೇಲಿನಿಂದ ಕೆಳಗಿನವರೆಗೆ ಸಮನಾದ ಮೇಲೆ, ಬಾಗಿಲಿನ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಚೌಕ ಪೈಪನ್ನು ಅಡ್ಡಲಾಗಿ ಬಿಗಿಯಿರಿ. ಅದು ಬಾಗಿಲು ಮುಚ್ಚಲು ಅಡ್ಡಿಯಾಗದಂತೆ ಕಂಬಗಳ ಒಳಬದಿಯಲ್ಲಿರಲಿ. ಒಂದು ಬದಿ ಮುಗಿಯದೆ ಇನ್ನೊಂದು ಬದಿಯನ್ನು ಮುಟ್ಟಲೇಬೇಡಿ. ಹೊಸ ತಗಡನ್ನು ಅಲ್ಲಲ್ಲಿ ಟಾಕಿ ಹಾಕಿ ನಿಲ್ಲಿಸಿ, ಬಾಗಿಲು ಮುಚ್ಚಿ ತೆರೆದು ನೋಡಿ, ಸಂದು ಸರಿಯಿದ್ದರೆ ಮಾತ್ರ ಪೂರ್ತಿ ವೆಲ್ಡಿಂಗ್ ಮಾಡಿ. ಒಮ್ಮೆ ಸಿಲ್ ಪೂರ್ತಿ ಬೆಸೆದುಕೊಂಡಿತೆಂದರೆ ಗಾಡಿ ಆ ಆಕಾರದಲ್ಲೇ ಉಳಿಯುತ್ತದೆ, ವಕ್ರವಾಗಿದ್ದರೆ ವಕ್ರವಾಗಿಯೇ.

ಉತ್ತರ: ದಾವಣಗೆರೆ ಮೆಕ್ಯಾನಿಕ್

ಮೇಲಿನವರ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ಎಂಜಿನ್ನನ್ನು ಹಾಗೆಯೇ ಬಿಟ್ಟು ವೆಲ್ಡಿಂಗಿಗೆ ಇಳಿಯಬೇಡಿ. ನಾನು ಅಂಬಾಸಿಡರ್ ಎಂಜಿನ್ನುಗಳ ಕೆಲಸದಲ್ಲೇ ಆಯುಷ್ಯ ಕಳೆದವನು. ಅಂಬಾಸಿಡರಿಗೆ ಬಹುಕಾಲ ಬರುತ್ತಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ನೂ ನಿಮ್ಮ 1798 ಸಿಸಿ ಎಂಜಿನ್ನೂ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಬಿ-ಸೀರೀಸ್ ಎಂಬ ಒಂದೇ ಮನೆತನದವು. ಬೀಡಿನ ಬ್ಲಾಕು, ಪಕ್ಕದಲ್ಲಿ ಕ್ಯಾಮ್‌ಶಾಫ್ಟ್, ಪುಶ್‌ರಾಡ್, ತಲೆಯ ಮೇಲೆ ರಾಕರ್. ಬಹಳ ಗಟ್ಟಿಮುಟ್ಟಾದ ಎಂಜಿನ್. ವರ್ಷಗಟ್ಟಲೆ ನಿಂತಿತ್ತು ಎಂಬ ಒಂದೇ ಕಾರಣಕ್ಕೆ ಅದನ್ನು ಬಿಚ್ಚುವುದು ನನಗೆ ಸರಿ ಕಾಣುವುದಿಲ್ಲ.

ನಾಲ್ಕೂ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಸ್ವಲ್ಪ ತೆಳು ಎಣ್ಣೆ ಬಿಟ್ಟು, ಒಂದೆರಡು ದಿನ ಇಳಿಯಲು ಬಿಡಿ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ ಗಾಡಿಯನ್ನು ಕೈಯಿಂದ ಮೆಲ್ಲಗೆ ತಳ್ಳಿದರೆ ಎಂಜಿನ್ ತಿರುಗಬೇಕು. ತಿರುಗಿದರೆ ಹೊಸ ಎಣ್ಣೆ ಮತ್ತು ಫಿಲ್ಟರ್ ಹಾಕಿ, ಪ್ಲಗ್ ಇಲ್ಲದೆಯೇ ಸ್ಟಾರ್ಟರಿನಿಂದ ತಿರುಗಿಸಿ, ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಏಳುವುದನ್ನು ಕಣ್ಣಾರೆ ನೋಡಿ. ನಂತರ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಿರಿ. ನಾಲ್ಕೂ ಅಂಕಿಗಳು ಹತ್ತಿರ ಹತ್ತಿರವಿದ್ದರೆ ನಿಶ್ಚಿಂತೆಯಿಂದ ತಗಡು ಕೆಲಸಕ್ಕೆ ಹೋಗಿ. ಒಂದು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿದರೆ ಅದಕ್ಕೆ ತುಸು ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ದೋಷ ರಿಂಗಿನದು, ಏರದಿದ್ದರೆ ಹೆಚ್ಚಾಗಿ ವಾಲ್ವಿನದು.

ಟ್ಯಾಪೆಟ್ ಸಂದು, ಅಂದರೆ ರಾಕರಿಗೂ ವಾಲ್ವಿಗೂ ನಡುವಿನ ಸಂದು, ಎಂಜಿನ್ ತಣ್ಣಗಿರುವಾಗ 0.015 ಇಂಚು. ಹೊಂದಿಸಲು ನಾವು ಒಂಬತ್ತರ ಲೆಕ್ಕ ಹಿಡಿಯುತ್ತೇವೆ: ಮುಂದಿನಿಂದ ಎಣಿಸಿ 8ನೇ ವಾಲ್ವು ಪೂರ್ತಿ ತೆರೆದಾಗ 1ನೆಯದನ್ನು, 6ನೆಯದು ತೆರೆದಾಗ 3ನೆಯದನ್ನು, 4ನೆಯದು ತೆರೆದಾಗ 5ನೆಯದನ್ನು ಹೀಗೆ ಕೂಡಿಸಿದರೆ ಒಂಬತ್ತು ಬರುವ ಜೋಡಿಯನ್ನು ನೋಡಿಕೊಂಡರಾಯಿತು. ಎಣ್ಣೆ 20ಡಬ್ಲ್ಯೂ-50 ಇರಲಿ, ಹಳೆಯ ಎಂಜಿನ್ನುಗಳಿಗೆಂದು ಜಿಂಕ್ ಅಂಶ ಸೇರಿಸಿ ಮಾರುವಂಥದ್ದು. ಕ್ಯಾಮ್ ಮತ್ತು ಟ್ಯಾಪೆಟ್ ಒಂದಕ್ಕೊಂದು ಉಜ್ಜುವ ಈ ಎಂಜಿನ್ನಿಗೆ ಅದು ಬೇಕು.

ರೆಡಿಂಗ್ ಕನ್ನಡಿಗ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿರಿಯರು ಹೇಳಿದಂತೆ ಎಣ್ಣೆ ಬಿಟ್ಟು ತಳ್ಳಿದೆ. ಎಂಜಿನ್ ಸರಾಗವಾಗಿ ತಿರುಗುತ್ತದೆ. ಗಾಡಿಯಡಿ ಮಲಗಿ ನೋಡಿದಾಗ ಎಡಗಡೆಯ ಕ್ಯಾಸಲ್ ರೈಲ್ ಹಿಂದಿನ ತುದಿಯಲ್ಲಿ ಪದರ ಪದರವಾಗಿ ಕಳಚುತ್ತಿದೆ, ಒಳ ಸಿಲ್ ಮಾತ್ರ ಗಟ್ಟಿಯಾಗಿಯೇ ಇದೆ. ಎಡಬದಿಯಿಂದಲೇ ಆರಂಭಿಸಲು ನಿರ್ಧರಿಸಿದ್ದೇನೆ. ವೆಲ್ಡಿಂಗ್ ಮಾಡುವಾಗ ಬೆಂಕಿಯ ಅಪಾಯವನ್ನು ಹೇಗೆ ತಪ್ಪಿಸಲಿ?

ಉತ್ತರ: ಹಳೆಗಾಡಿ ಅಭಿಮಾನಿ, ಬ್ರಿಸ್ಟಲ್

ಪೆಟ್ರೋಲ್ ಟ್ಯಾಂಕು ಡಿಕ್ಕಿಯ ಅಡಿಯಲ್ಲಿದೆ, ಅದರ ಪೈಪು ನೆಲದಡಿಯೇ ಮುಂದಕ್ಕೆ ಹೋಗುತ್ತದೆ. ಟ್ಯಾಂಕನ್ನು ಬರಿದು ಮಾಡಿದರೆ ಸಾಲದು. ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯಕಾರಿ. ಟ್ಯಾಂಕು, ಪೈಪು ಎರಡನ್ನೂ ಕಳಚಿ ಗ್ಯಾರೇಜಿನಿಂದ ಹೊರಗಿಡಿ. ಸೀಟು, ಕಾರ್ಪೆಟ್ ತೆಗೆಯಿರಿ, ಅಡಿಯಲ್ಲಿ ಬಳಿದಿರುವ ಡಾಂಬರಿನಂಥ ಲೇಪವನ್ನು ಬೆಸುಗೆಯ ಸುತ್ತ ಕೆರೆದು ತೆಗೆಯಿರಿ. ನಿಮ್ಮ ವರ್ಷದ ಗಾಡಿಯಲ್ಲಿ ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿಗಳಿರುತ್ತವೆ. ಎರಡನ್ನೂ ಹೊರತೆಗೆದು, ಆಲ್ಟರ್ನೇಟರಿನ ವೈರನ್ನೂ ಬಿಡಿಸಿ. ಬ್ಯಾಟರಿ ಪೆಟ್ಟಿಗೆಗಳನ್ನೂ ಆಗಲೇ ಪರೀಕ್ಷಿಸಿ, ಅಲ್ಲಿ ತುಕ್ಕು ಇಲ್ಲದ ಎಂಜಿಬಿಯನ್ನು ನಾನು ಕಂಡಿಲ್ಲ.

ಟ್ಯಾಂಕು ಮತ್ತೆ ಕೂರಿಸುವಾಗ ಹಳೆಯ ರಬ್ಬರ್ ಪೆಟ್ರೋಲ್ ಪೈಪುಗಳನ್ನು ಉಳಿಸಿಕೊಳ್ಳಬೇಡಿ. 2021ರ ಸೆಪ್ಟೆಂಬರಿನಿಂದ ಇಲ್ಲಿನ ಸಾಮಾನ್ಯ ಪೆಟ್ರೋಲ್ ಇ10 (ಶೇಕಡಾ 10ರವರೆಗೆ ಎಥನಾಲ್ ಇರುವಂಥದ್ದು) ಆಗಿದೆ, ಅದರಲ್ಲಿನ ಎಥನಾಲ್ ಹಳೆಯ ರಬ್ಬರನ್ನು ಹಾಳುಮಾಡುತ್ತದೆ. ಎಥನಾಲ್ ತಡೆಯುವ ಪೈಪು ಹಾಕಿ, ಎಥನಾಲ್ ಕಡಿಮೆಯಿರುವ ಸೂಪರ್ ದರ್ಜೆಯ ಇ5 ತುಂಬಿಸಿ.

ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಗಾಡಿಗಳಿಗೆ ಇಲ್ಲಿನ ಎಂಒಟಿ ಎಂಬ ವಾರ್ಷಿಕ ವಾಹನ ಸುರಕ್ಷತಾ ತಪಾಸಣೆ ಕಡ್ಡಾಯವಲ್ಲ. ಆದರೂ ರಸ್ತೆಗಿಳಿಸುವ ಮುನ್ನ ನೀವಾಗಿಯೇ ಒಮ್ಮೆ ಮಾಡಿಸಿ. ಮುಖ್ಯವಾಗಿ ಬ್ರೇಕಿಗಾಗಿ ಹೇಳುತ್ತಿದ್ದೇನೆ. ಬ್ರಿಟನ್ನಿನಲ್ಲಿ ಮಾರಾಟವಾದ ಆ ಕಾಲದ ಎಂಜಿಬಿಗಳಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟ್. ಎಲ್ಲೋ ಒಂದು ಕಡೆ ಪೈಪು ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೆ ಹೋಗುತ್ತದೆ. ಕಬ್ಬಿಣದ ಪೈಪುಗಳ ಬದಲು ತಾಮ್ರ-ನಿಕ್ಕಲ್ ಮಿಶ್ರಲೋಹದವನ್ನು ಹಾಕಿಸಿ. ಮುಂದೆ ಎರಡು, ಹಿಂದೆ ಒಂದು, ಹೀಗೆ ಮೂರು ರಬ್ಬರ್ ಹೋಸ್‌ಗಳಿವೆ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು, ಪೆಡಲ್ ಬಿಟ್ಟ ಮೇಲೂ ಚಕ್ರವನ್ನು ಹಿಡಿದೇ ಇರುವಂತೆ ಮಾಡುತ್ತವೆ. ಮೂರನ್ನೂ ಹೊಸದಾಗಿಯೇ ಹಾಕಿ.