ಮೊದಲ ಹ್ಯಾಕಥಾನ್: ಕೋಡಿಂಗ್ ಅಷ್ಟಾಗಿ ಬಾರದವಳು ಹೋಗಬಹುದೇ?

ಪ್ರಶ್ನೆ: ನಾನು ಎರಡನೇ ವರ್ಷದ ವಿದ್ಯಾರ್ಥಿನಿ. ವಿಶ್ವವಿದ್ಯಾಲಯದ 24 ಗಂಟೆಗಳ ಹ್ಯಾಕಥಾನ್‌ಗೆ (ತಂಡವಾಗಿ ಕುಳಿತು ನಿಗದಿತ ಸಮಯದೊಳಗೆ ಆ್ಯಪ್‌ನಂಥದ್ದೇನಾದರೂ ಕಟ್ಟುವ ಸ್ಪರ್ಧೆ) ಗೆಳತಿಯರು ಕರೆಯುತ್ತಿದ್ದಾರೆ. ಪೈಥಾನ್‌ನಲ್ಲಿ ಸಣ್ಣಪುಟ್ಟ ಪ್ರೋಗ್ರಾಂ ಬರೆಯಬಲ್ಲೆ, ಅಷ್ಟೇ. ತಂಡಕ್ಕೆ ಹೊರೆಯಾಗುತ್ತೇನೆಂಬ ಅಳುಕು.

ಉತ್ತರ: ಖಂಡಿತ ಹೋಗಿ. ಕಳೆದ ಬಾರಿ ನಾವು ನಾಲ್ವರೂ ಕೋಡ್ ಬರೆಯುತ್ತಲೇ ಕುಳಿತೆವು. ಬೆಳಗಿನ ಜಾವ 4ಕ್ಕೆ, ಒಂದೇ ಫೈಲನ್ನು ಇಬ್ಬರು ತಿದ್ದಿದ್ದು ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ಜೋಡಿಸುವಾಗ ಗೊತ್ತಾಯಿತು. ಆ ಸಿಕ್ಕು ಬಿಡಿಸುವಷ್ಟರಲ್ಲಿ ಎರಡು ಗಂಟೆ ಹೋಯಿತು. ತೀರ್ಪುಗಾರರೆದುರು ಮೂರು ನಿಮಿಷ ಮಾತನಾಡಲು ಯಾರೂ ಸಿದ್ಧರಾಗಿರಲಿಲ್ಲ. ಆ ಹೊಣೆ ಹೊರುವವರೊಬ್ಬರು ನಮಗೆ ಬೇಕಿತ್ತು!

ಇನ್ನೊಬ್ಬರು: ಲಾಗಿನ್ ಪುಟಕ್ಕೆ ಸಮಯ ಸುರಿಯಬೇಡಿ. ಪ್ರಾತ್ಯಕ್ಷಿಕೆಯ ವಿಡಿಯೊವನ್ನು ಮೊದಲೇ ಮಾಡಿಟ್ಟುಕೊಳ್ಳಿ. ವೈಫೈ ಆ ಹೊತ್ತಿಗೇ ಕೈಕೊಡುತ್ತದೆ.

ಪ್ರಶ್ನೆ ಕೇಳಿದವಳು: ಹೆಸರು ನೋಂದಾಯಿಸಿದೆ. ಆ ಮೂರು ನಿಮಿಷ ನನ್ನದೇ ಎಂದು ಗೆಳತಿಯರಿಗೆ ಹೇಳಿಬಿಟ್ಟಿದ್ದೇನೆ.