ರಾಜ್ಯದ ಎರಡನೇ ದೊಡ್ಡ ಊರು ಮೈಸೂರಾ, ಹುಬ್ಬಳ್ಳಿ-ಧಾರವಾಡವಾ?

ಕುವೆಂಪುನಗರ, ಮೈಸೂರು:
ಮಗಳ ಶಾಲೆಯ ಕ್ವಿಜ್‌ನಲ್ಲಿ ಕೇಳಿದ್ದರು, ಜನಸಂಖ್ಯೆಯಲ್ಲಿ ಬೆಂಗಳೂರಿನ ನಂತರ ಯಾವ ಊರು ಅಂತ. ಅವಳು ಮೈಸೂರು ಅಂತ ಬರೆದಳು. ತಪ್ಪಂತೆ, ಹುಬ್ಬಳ್ಳಿ-ಧಾರವಾಡ ಸರಿಯಂತೆ. ಮನೆಗೆ ಬಂದು ಅತ್ತಳು. ನಾನು ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ಹಾಗೆ, ಇನ್ನೊಂದು ಕಡೆ ಹೀಗೆ ಇದೆ. ಯಾವುದನ್ನು ನಂಬಬೇಕು?

ಹೂಟಗಳ್ಳಿ ನಿವಾಸಿ:
ಎರಡೂ ಸರಿ ಸರ್, ಪ್ರಶ್ನೆಯನ್ನೇ ಅರ್ಧ ಕೇಳಿದ್ದಾರೆ. 2011ರ ಜನಗಣತಿಯಲ್ಲಿ ಬರೀ ಪಾಲಿಕೆ ಗಡಿಯೊಳಗಿನವರನ್ನು ಎಣಿಸಿದರೆ ಹುಬ್ಬಳ್ಳಿ-ಧಾರವಾಡ 9,43,788, ಮೈಸೂರು ಅದಕ್ಕಿಂತ ಕಡಿಮೆ, ಸುಮಾರು 9 ಲಕ್ಷ. ಆದರೆ ಊರಿಗೆ ಅಂಟಿಕೊಂಡು ಬೆಳೆದ ಜಾಗಗಳನ್ನೂ ಸೇರಿಸಿದ ಲೆಕ್ಕ ಬೇರೆ ಇದೆ. ಅದರಲ್ಲಿ ಮೈಸೂರು 9,90,900, ಅಂದರೆ ಎರಡನೇ ಸ್ಥಾನ. ನಾಲ್ಕನೇ ಸ್ಥಾನದಲ್ಲೂ ಇದೇ ಕಥೆ. ಪಾಲಿಕೆ ಲೆಕ್ಕದಲ್ಲಿ ಕಲಬುರಗಿ ಮುಂದೆ, ಸುತ್ತಮುತ್ತ ಸೇರಿಸಿದರೆ ಮಂಗಳೂರು ಮತ್ತು ಬೆಳಗಾವಿ ಎರಡೂ 6 ಲಕ್ಷ ದಾಟಿ ಅದನ್ನು ಹಿಂದೆ ಹಾಕುತ್ತವೆ. ಆಮೇಲೆ ದಾವಣಗೆರೆ, ಬಳ್ಳಾರಿ. ಅಲ್ಲಿ ತಕರಾರಿಲ್ಲ.

ಮೈಸೂರಿಗೆ ಅಂಟಿಕೊಂಡೇ ಇರುವ ನಮ್ಮ ಹೂಟಗಳ್ಳಿಗೆ ಆಗ ನಗರಸಭೆಯೂ ಇರಲಿಲ್ಲ. ಆದರೂ ನಾವು ಯಾವ ಊರು ಅಂತ ಯಾರಾದರೂ ಕೇಳಿದರೆ ಮೈಸೂರು ಅಂತಲೇ ಹೇಳ್ತಿದ್ವಿ, ಈಗಲೂ ಹಾಗೇ ಹೇಳ್ತೀವಿ.

ಧಾರವಾಡದವಳು, ಈಗ ಸರಸ್ವತಿಪುರಂ:
ಹುಬ್ಬಳ್ಳಿ, ಧಾರವಾಡ ಬೇರೆ ಬೇರೆ ಊರು, ಸುಮ್ನೆ ಕೂಡಿಸಿದ್ದಾರೆ ಅಂತ ಇಲ್ಲಿ ಜಾಸ್ತಿ ಜನ ಹೇಳ್ತಾರೆ. ನನಗೆ ಅದು ಬೇಸರ. 1962ರಿಂದ ಎರಡಕ್ಕೂ ಒಂದೇ ಪಾಲಿಕೆ. ಮನೆ ಧಾರವಾಡದಲ್ಲಿ, ಅಂಗಡಿ ಹುಬ್ಬಳ್ಳಿಯಲ್ಲಿ ಇಟ್ಟುಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ. ಮೈಸೂರಿಗೆ ಹೂಟಗಳ್ಳಿ ಸೇರಬಹುದಾದರೆ ಹುಬ್ಬಳ್ಳಿಗೆ ಧಾರವಾಡ ಸೇರಬಾರದಾ?

ಮಂಡ್ಯದಿಂದ:
ಸೇರಲೇಬೇಕು. ಗಡಿಯ ಈ ಗೊಂದಲ ಹಳೆಯದು. 1901ರ ಗಣತಿಯಲ್ಲಿ ಬೆಂಗಳೂರು ನಗರ 69,447, ಮೈಸೂರು 68,111. ಸಾವಿರ ಚಿಲ್ಲರೆ ಅಷ್ಟೇ ವ್ಯತ್ಯಾಸ! ಯಾಕೆಂದರೆ ಬೆಂಗಳೂರಿನಲ್ಲೇ ಇದ್ದ ಬ್ರಿಟಿಷರ ದಂಡು ಪ್ರದೇಶವನ್ನು ಬೇರೆಯಾಗಿ ಎಣಿಸಿದ್ದರು, ಅಲ್ಲೇ 89,599 ಜನ ಇದ್ದರು. ಎರಡೂ ಕೂಡಿ ಒಂದು ಪಾಲಿಕೆ ಆಗಿದ್ದು 1949ರಲ್ಲಿ.

ನಮ್ಮ ಮಂಡ್ಯದ್ದು 2011ರಲ್ಲಿ 1.37 ಲಕ್ಷ. ಬೆಳಗಿನ ರೈಲು ಹತ್ತಿ ಮೈಸೂರಿಗೆ ಕೆಲಸಕ್ಕೆ ಬರುವ ನನ್ನಂಥವರನ್ನೂ ಮಂಡ್ಯದಲ್ಲೇ ಎಣಿಸುತ್ತಾರೆ. ಅದು ಸರಿಯೇ ಅನ್ನಿ, ಮನೆ ಇರೋದು ಇಲ್ಲೇ ಅಲ್ವಾ.

ಕುವೆಂಪುನಗರ, ಮೈಸೂರು:
ಎಲ್ಲರಿಗೂ ಧನ್ಯವಾದ. ಮಗಳನ್ನು ಕೂರಿಸಿಕೊಂಡು ಓದಿ ಹೇಳಿದೆ. ಸುತ್ತಮುತ್ತ ಸೇರಿಸಿದ ಮೈಸೂರು ಹತ್ತು ಲಕ್ಷಕ್ಕೆ ಬರೀ 9,100 ಕಡಿಮೆ ಅಂತ ಅವಳೇ ಕಳೆದು ನೋಡಿದಳು. ಎರಡೂ ಲೆಕ್ಕ ಒಂದು ಹಾಳೆಯಲ್ಲಿ ಬರೆದಿದ್ದಾಳೆ, ನಾಳೆ ಟೀಚರ್‌ಗೆ ತೋರಿಸುತ್ತಾಳಂತೆ. 2021ರ ಗಣತಿ ನಡೆಯಲೇ ಇಲ್ಲವಲ್ಲ, ಹೊಸದು ಯಾವಾಗ?

ಹೂಟಗಳ್ಳಿ ನಿವಾಸಿ:
2027ರ ಮಾರ್ಚ್ 1ಕ್ಕೆ ಲೆಕ್ಕ ಹಿಡಿಯುತ್ತಾರೆ. ಗಣತಿಯವರು ಬಂದಾಗ ಮಗಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.